ಬಡಾವಣೆ ನಿವಾಸಿಗಳ ಸಂಘ: ಕಟ್ಟುವುದು ಹೇಗೆ, ಕಟ್ಟಿದ ಮೇಲೆ ಕೆಲಸ ಮಾಡಿಸಿಕೊಳ್ಳುವುದು ಹೇಗೆ? (ಹಾಸನದವರಿಗೆ)

ಓದುಗರು ಕೇಳುವ ಪ್ರಶ್ನೆ ಹೆಚ್ಚೂ ಕಡಿಮೆ ಒಂದೇ. ‘ನಮ್ಮ ಬಡಾವಣೆಯಲ್ಲಿ ಮನೆಗಳು ಎದ್ದಿವೆ, ರಸ್ತೆ ಇಲ್ಲ, ಚರಂಡಿ ಇಲ್ಲ, ಇರುವ ಬೀದಿ ದೀಪವೂ ಉರಿಯುವುದಿಲ್ಲ. ಒಬ್ಬೊಬ್ಬರೇ ಹೋದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಂಘ ಮಾಡೋಣ ಅಂತಿದ್ದೇವೆ, ಎಲ್ಲಿಂದ ಶುರು ಮಾಡಬೇಕು?’ ಹಾಸನ ನಗರಸಭೆ ಮಹಾನಗರ ಪಾಲಿಕೆಯಾದ ಮೇಲೆ ಇದನ್ನು ಕೇಳುವವರು ಇನ್ನೂ ಜಾಸ್ತಿಯಾಗಿದ್ದಾರೆ. ಸುತ್ತಲಿನ ಹಳ್ಳಿಗಳು ಪಾಲಿಕೆ ಎಲ್ಲೆಯೊಳಗೆ ಬಂದಿವೆ. ಗ್ರಾಮ ಪಂಚಾಯಿತಿಗೆ ಕಂದಾಯ ಕಟ್ಟಿ ಅಭ್ಯಾಸವಿದ್ದವರು ಈಗ ಪಾಲಿಕೆಯ ಮೆಟ್ಟಿಲು ಹತ್ತಬೇಕಾಗಿದೆ.

ಈ ಲೇಖನ ಬಿಡಿ ಮನೆಗಳಿರುವ ಬಡಾವಣೆಗಳಿಗೆ. ಅಪಾರ್ಟ್‌ಮೆಂಟಿನವರಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ, ಅದರ ದಾರಿ ಬೇರೆ. ಚಿಕ್ಕಮಗಳೂರಿನ ಓದುಗರಿಗೂ ಇಲ್ಲಿನ ಬಹುಪಾಲು ಹಂತಗಳು ಹೊಂದುತ್ತವೆ. ಪಾಲಿಕೆ ಎಂದಿರುವ ಕಡೆ ನಗರಸಭೆ ಎಂದೂ, ವಿದ್ಯುತ್ ನಿಗಮದ ವಿಷಯದಲ್ಲಿ ಸೆಸ್ಕ್ ಎಂದಿರುವ ಕಡೆ ಮೆಸ್ಕಾಂ ಎಂದೂ ಓದಿಕೊಳ್ಳಿ.

ಹಂತ 1: ಬಡಾವಣೆ ಯಾರ ಕೈಯಲ್ಲಿದೆ ಎಂದು ಮೊದಲು ತಿಳಿಯಿರಿ

ಬಹಳ ಮಂದಿ ಇದನ್ನು ಬಿಟ್ಟು ನೇರವಾಗಿ ಮನವಿ ಪತ್ರಕ್ಕೆ ಕೈ ಹಾಕುತ್ತಾರೆ. ಆಮೇಲೆ ವರ್ಷಗಟ್ಟಲೆ ‘ಇದು ನಮಗೆ ಬರುವುದಿಲ್ಲ’ ಎಂಬ ಉತ್ತರ ಕೇಳುತ್ತಾ ಓಡಾಡುತ್ತಾರೆ. ಹೆಚ್ಚಿನ ಬಡಾವಣೆಗಳು ಈ ಕೆಳಗಿನ ಯಾವುದೋ ಒಂದು ಗುಂಪಿಗೆ ಸೇರುತ್ತವೆ.

ಮೊದಲನೆಯದು, ನಗರಾಭಿವೃದ್ಧಿ ಪ್ರಾಧಿಕಾರವೇ (ಎಲ್ಲರ ಬಾಯಲ್ಲಿ ‘ಹುಡಾ’) ಅಥವಾ ಗೃಹ ಮಂಡಳಿಯೇ ಮಾಡಿದ ಬಡಾವಣೆ. ಎರಡನೆಯದು, ಖಾಸಗಿಯವರು ಅಥವಾ ಗೃಹ ನಿರ್ಮಾಣ ಸಹಕಾರ ಸಂಘದವರು ಹುಡಾದಿಂದ ನಕ್ಷೆ ಮಂಜೂರು ಮಾಡಿಸಿ ಮಾಡಿದ ಬಡಾವಣೆ. ಮೂರನೆಯದು ಕಂದಾಯ ನಿವೇಶನಗಳ ಬಡಾವಣೆ, ಅಂದರೆ ಜಮೀನನ್ನು ನಕ್ಷೆಯ ಮಂಜೂರಾತಿ ಇಲ್ಲದೆ ತುಂಡು ಮಾಡಿ ಮಾರಿದ್ದು.

ಮೊದಲ ಎರಡರಲ್ಲಿ ಕೇಳಬೇಕಾದ ಪ್ರಶ್ನೆ ‘ಹಸ್ತಾಂತರ ಆಗಿದೆಯೇ?’ ಎಂಬುದು. ಹಸ್ತಾಂತರ ಎಂದರೆ ಬಡಾವಣೆಯ ರಸ್ತೆ, ಚರಂಡಿ, ಉದ್ಯಾನ, ನೀರಿನ ಕೊಳವೆಗಳ ನಿರ್ವಹಣೆಯನ್ನು ಸ್ಥಳೀಯ ಸಂಸ್ಥೆಗೆ ಬರಹದ ಮೂಲಕ ಒಪ್ಪಿಸುವುದು. ಅದು ಆಗದಿದ್ದರೆ ಪಾಲಿಕೆಯ ಎಂಜಿನಿಯರ್‌ಗೆ ಮನಸ್ಸಿದ್ದರೂ ಅಂದಾಜು ಪಟ್ಟಿ ತಯಾರಿಸಲು ಕಷ್ಟ. ಹಾಗಿದ್ದಲ್ಲಿ ನಿಮ್ಮ ಮೊದಲ ಬೇಡಿಕೆ ರಸ್ತೆಯಲ್ಲ, ಹಸ್ತಾಂತರ. ಮಂಜೂರಾತಿಯ ಷರತ್ತಿನಂತೆ ಖಾಸಗಿ ಬಡಾವಣೆಯವರು ಏನೇನು ಮಾಡಿಕೊಡಬೇಕಿತ್ತು, ಏನೇನು ಬಾಕಿ ಇದೆ ಎಂದು ಹುಡಾಗೆ ಬರೆದು ಕೇಳಿ.

ಕಂದಾಯ ನಿವೇಶನದವರಿಗೆ ಒಂದು ಎಚ್ಚರಿಕೆ. ಬಿ-ಖಾತೆ ಸಿಕ್ಕಿದ ಮಾತ್ರಕ್ಕೆ ಬಡಾವಣೆ ಸಕ್ರಮವಾಯಿತೆಂದು ಸಂಘದ ಸಭೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅದು ತೆರಿಗೆ ಕಟ್ಟಿಸಿಕೊಳ್ಳಲು ಆಸ್ತಿಯನ್ನು ಪುಸ್ತಕಕ್ಕೆ ತರುವ ವ್ಯವಸ್ಥೆ.

ಈ ಹಂತದಲ್ಲಿ ಕೈಗೆ ಬರಬೇಕಾದ ಮುಖ್ಯ ಕಾಗದ ಮಂಜೂರಾದ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ. ಅದನ್ನು ಮೇಜಿನ ಮೇಲೆ ಹರಡಿ, ಪ್ರತಿ ರಸ್ತೆಯ ಅಗಲ, ಉದ್ಯಾನವೆಂದು ಗುರುತಿಸಿದ ಜಾಗ, ‘ಸಿ.ಎ.’ ಎಂದು ಬರೆದ ನಿವೇಶನಗಳನ್ನು ಒಂದೊಂದಾಗಿ ನೋಡಿ. ಸಿ.ಎ. ಎಂದರೆ ನಾಗರಿಕ ಸೌಕರ್ಯ ನಿವೇಶನ: ಶಾಲೆ, ಆಸ್ಪತ್ರೆ, ಸಮುದಾಯ ಭವನದಂಥವಕ್ಕೆ ಮೀಸಲಿಟ್ಟ ಜಾಗ. ಆಮೇಲೆ ಅದೇ ನಕ್ಷೆ ಹಿಡಿದು, ಅಳತೆ ಟೇಪಿನೊಂದಿಗೆ ಬಡಾವಣೆ ಸುತ್ತಿ. ನಕ್ಷೆಯಲ್ಲಿ 9 ಮೀಟರ್ ಇರುವ ರಸ್ತೆ ಸ್ಥಳದಲ್ಲಿ 7 ಮೀಟರ್ ಇದ್ದರೆ ಉಳಿದ 2 ಮೀಟರ್ ಯಾರದೋ ಕಾಂಪೌಂಡಿನೊಳಗೆ, ಇಲ್ಲವೇ ಯಾರದೋ ಮೆಟ್ಟಿಲ ಕೆಳಗೆ ಇರುತ್ತದೆ. ಆ ‘ಯಾರೋ’ ನಾಳೆ ನಿಮ್ಮ ಸಂಘದ ಉಪಾಧ್ಯಕ್ಷರೂ ಆಗಬಹುದು. ಆದ್ದರಿಂದ ಈ ಅಳತೆಯ ಕೆಲಸ ಪದಾಧಿಕಾರಿಗಳ ಆಯ್ಕೆಗೆ ಮುಂಚೆಯೇ ಮುಗಿದಿರಲಿ.

ಹಂತ 2: ಮೊದಲ ಸಭೆ

ಭಾನುವಾರ ಬೆಳಿಗ್ಗೆ, ಬಡಾವಣೆಯೊಳಗೇ, ಯಾರ ಮನೆಯ ಹಜಾರದಲ್ಲೂ ಅಲ್ಲದೆ ಖಾಲಿ ಸೈಟಿನಲ್ಲೋ ಶಾಲೆಯ ಅಂಗಳದಲ್ಲೋ ಸೇರಿ. ಒಬ್ಬರ ಮನೆಯಲ್ಲಿ ಸೇರಿದರೆ ಅದು ಅವರ ಸಂಘ ಎಂಬ ಹೆಸರು ಅಂಟಿಕೊಳ್ಳುತ್ತದೆ. ವಾಟ್ಸ್‌ಆ್ಯಪ್ ಸಂದೇಶವನ್ನೇ ನಂಬದೆ ಮನೆಮನೆಗೆ ಚೀಟಿ ಕೊಡಿ.

ಬಾಡಿಗೆಯವರನ್ನು ಬಿಡಬೇಡಿ. ವಿದ್ಯಾನಗರ, ಸಾಲಗಾಮೆ ರಸ್ತೆಯ ಕಡೆ ಕಾಲೇಜಿನ ಹುಡುಗರು, ನೌಕರಿಯವರು ಬಾಡಿಗೆಗಿರುವ ಮನೆಗಳು ಬೇಕಾದಷ್ಟಿವೆ; ನೀರು ಬರದಿದ್ದರೆ ಮೊದಲು ತೊಂದರೆ ಆಗುವುದು ಅವರಿಗೇ. ಮಾಲೀಕರು ಬೆಂಗಳೂರಿನಲ್ಲಿದ್ದು ಬಾಡಿಗೆಯವರಿಗೆ ಮಾತೇ ಇಲ್ಲದಿದ್ದರೆ ಸಭೆಗೆ ಬರುವವರು ಎಲ್ಲಿಂದ ಬರಬೇಕು?

ಈ ಸಭೆಯಲ್ಲಿ ಮೂರು ಕೆಲಸ ಆದರೆ ಸಾಕು: ಸಂಘ ಬೇಕು ಎಂಬ ಗೊತ್ತುವಳಿ, ಬೈಲಾ ಬರೆಯಲು ನಾಲ್ಕೈದು ಜನರ ತಾತ್ಕಾಲಿಕ ಸಮಿತಿ, ಸಂಘದ ಹೆಸರು. ಗೊತ್ತುವಳಿ ಎಂದರೆ ಸಭೆ ತೆಗೆದುಕೊಂಡ ತೀರ್ಮಾನದ ಬರಹ. ಅದನ್ನು ಪುಟಸಂಖ್ಯೆ ಹಾಕಿದ, ರಟ್ಟು ಕಟ್ಟಿದ ಪುಸ್ತಕದಲ್ಲಿ ಬರೆದು ಬಂದವರ ಸಹಿ ಹಾಕಿಸಿ. ಇದೇ ನಿಮ್ಮ ನಡಾವಳಿ ಪುಸ್ತಕ. ಬಿಡಿ ಹಾಳೆ ಬೇಡ.

ಚಂದಾ ಎತ್ತುವುದು ಇವತ್ತೇ ಬೇಡ. ಬೈಲಾ ಇಲ್ಲದೆ, ಖಾತೆ ಇಲ್ಲದೆ ಹಣ ಎತ್ತಿದ ಸಂಘಗಳು ಹಣದ ಲೆಕ್ಕದಲ್ಲೇ ಒಡೆದುಹೋಗುವುದು ಮಾಮೂಲು.

ಹಂತ 3: ಬೈಲಾ ಬರೆಯುವುದು

ಬೈಲಾ ಎಂದರೆ ಸಂಘ ಹೇಗೆ ನಡೆಯಬೇಕೆಂಬ ಒಳ ನಿಯಮ. ಝೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಪ್ರತಿ ಸಿಗುತ್ತದೆ. ಅದನ್ನು ಮಾದರಿಯಾಗಿ ಇಟ್ಟುಕೊಳ್ಳಿ, ಹಾಗೇ ನಕಲು ಹೊಡೆಯಬೇಡಿ. ಯುವಕ ಸಂಘದ ಬೈಲಾಕ್ಕೆ ಹೆಸರು ಮಾತ್ರ ಬದಲಿಸಿ ಕೊಟ್ಟರೆ ‘ಸದಸ್ಯರ ವಯೋಮಿತಿ 18ರಿಂದ 35’ ಎಂಬ ಸಾಲು ಉಳಿದುಬಿಡುತ್ತದೆ. ಆಮೇಲೆ ನಿವೃತ್ತ ಮೇಷ್ಟ್ರು ಅಧ್ಯಕ್ಷರಾಗುವುದು ಹೇಗೆ?

ಈ ಅಂಶಗಳು ಸ್ಪಷ್ಟವಾಗಿರಲಿ: ಸದಸ್ಯರಾಗಲು ಯಾರು ಅರ್ಹರು (ಬಡಾವಣೆಯ ಗಡಿಯನ್ನು ರಸ್ತೆಗಳ ಹೆಸರಿನಿಂದ ಗುರುತಿಸಿ), ಮನೆಗೊಂದು ಮತವೋ ತಲೆಗೊಂದು ಮತವೋ, ವಾರ್ಷಿಕ ಶುಲ್ಕ, ಕಾರ್ಯಕಾರಿ ಸಮಿತಿಯ ಅವಧಿ, ಸಭೆಯ ಕೋರಂ (ಸಭೆ ನಡೆಯಲು ಹಾಜರಿರಬೇಕಾದ ಕನಿಷ್ಠ ಸದಸ್ಯರ ಸಂಖ್ಯೆ), ಬ್ಯಾಂಕ್ ಖಾತೆಗೆ ಯಾರ ಸಹಿ, ಪದಾಧಿಕಾರಿಯನ್ನು ತೆಗೆಯುವುದು ಹೇಗೆ. ಕೋರಂ ವಿಷಯದಲ್ಲಿ ಆಸೆಬುರುಕತನ ಬೇಡ. ಅರ್ಧದಷ್ಟು ಸದಸ್ಯರು ಎಂದು ಬರೆದಿಟ್ಟರೆ ಶ್ರಾವಣದ ಭಾನುವಾರ ಒಂದು ಸಭೆಯೂ ನಡೆಯುವುದಿಲ್ಲ.

ಒಬ್ಬರು ಸತತ ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಬಾರದು ಎಂದು ಹಾಕಿ. ಕಾನೂನು ಕೇಳುವುದಿಲ್ಲ, ನಾನು ಕೇಳುತ್ತೇನೆ. ಯಾವುದೇ ಪಕ್ಷದ ವೇದಿಕೆಗೆ ಸಂಘದ ಹೆಸರು, ಬ್ಯಾನರ್ ಬಳಸಬಾರದು ಎಂಬುದೂ ಇರಲಿ. ಹಾಸನದಲ್ಲಿ ಆ ಸಾಲಿನ ಅಗತ್ಯ ಏನೆಂದು ವಿವರಿಸಬೇಕಾಗಿಲ್ಲ.

ಹಂತ 4: ನೋಂದಣಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಣಿ ಆಗಬೇಕು. 18 ವರ್ಷ ಮೇಲ್ಪಟ್ಟ ಕನಿಷ್ಠ 7 ಜನ ಬೇಕು. ಅರ್ಜಿ ಹೋಗುವುದು ಸಹಕಾರ ಇಲಾಖೆಯ ಜಿಲ್ಲಾ ಕಚೇರಿಯಲ್ಲಿರುವ ಸಂಘಗಳ ನೋಂದಣಾಧಿಕಾರಿಗೆ. ಆಸ್ತಿ ನೋಂದಣಿಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಡಿ.

ಬೇಕಾಗುವುದು: ಸಂಘದ ಹೆಸರು, ಉದ್ದೇಶ, ಆಡಳಿತ ಮಂಡಳಿಯವರ ಹೆಸರು–ವಿಳಾಸ–ಉದ್ಯೋಗ ಇರುವ ಜ್ಞಾಪನ ಪತ್ರ (ಮೆಮೊರಾಂಡಂ), ಬೈಲಾ, ಸಂಘ ಸ್ಥಾಪನೆಯ ಸಭೆಯ ನಡಾವಳಿ, ಪದಾಧಿಕಾರಿಗಳ ಗುರುತಿನ ಚೀಟಿ, ಸಂಘದ ಕಚೇರಿ ವಿಳಾಸದ ದಾಖಲೆ. ಯಾರದೋ ಮನೆಯ ವಿಳಾಸ ಕೊಡುವುದಾದರೆ ಮಾಲೀಕರ ಒಪ್ಪಿಗೆ ಪತ್ರ. ಶುಲ್ಕ ಆಗಾಗ ಬದಲಾಗುತ್ತದೆ, ಕಚೇರಿಯಲ್ಲೇ ಕೇಳಿ ಕಟ್ಟಿ.

ಅರ್ಜಿ ವಾಪಸ್ ಬರುವುದು ಸಾಮಾನ್ಯವಾಗಿ ಸಣ್ಣ ಕಾರಣಗಳಿಗೆ. ಅದೇ ಹೆಸರಿನ ಸಂಘ ಆಗಲೇ ಇರುತ್ತದೆ (‘ಕುವೆಂಪುನಗರ ಕ್ಷೇಮಾಭಿವೃದ್ಧಿ ಸಂಘ’ ಎಂಬಂಥ ಹೆಸರು ಯಾರಿಗಾದರೂ ಹೊಳೆಯುವಂಥದ್ದೇ, ಜೊತೆಗೆ ಹಂತ, ಬ್ಲಾಕ್ ಸೇರಿಸಿ). ಆಧಾರ್‌ನಲ್ಲಿರುವ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆ ಆಗುವುದಿಲ್ಲ. ಉದ್ದೇಶಗಳಲ್ಲಿ ಲಾಭದ ವ್ಯವಹಾರದ ವಾಸನೆ ಇರುತ್ತದೆ.

‘ನೋಂದಣಿ ಇಲ್ಲದಿದ್ದರೆ ಅರ್ಜಿ ಕೊಡಬಾರದೇ?’ ಕೊಡಬಹುದು. ಆದರೆ ಸಂಘದ ಹೆಸರಲ್ಲಿ ಬ್ಯಾಂಕ್ ಖಾತೆಗೆ, ಕೋರ್ಟಿಗೆ, ಉದ್ಯಾನದ ನಿರ್ವಹಣೆ ವಹಿಸಿಕೊಳ್ಳುವುದಕ್ಕೆ ನೋಂದಣಿ ಬೇಕು. ಇನ್ನೊಂದು ಕಾರಣ ಪಾಲಿಕೆಯಾದ ಮೇಲೆ ಬಂದದ್ದು. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರಲ್ಲಿ ಪ್ರತಿ ವಾರ್ಡಿಗೆ ಒಂದು ವಾರ್ಡ್ ಸಮಿತಿಯ ವ್ಯವಸ್ಥೆ ಇದೆ. ಅದಕ್ಕೆ ಆ ವಾರ್ಡಿನ ಪಾಲಿಕೆ ಸದಸ್ಯರೇ ಅಧ್ಯಕ್ಷರು. ನಾಮಕರಣಗೊಳ್ಳುವ 10 ಜನರಲ್ಲಿ ಕನಿಷ್ಠ 2 ಸ್ಥಾನ ನಿವಾಸಿಗಳ ಸಂಘಗಳ ಪ್ರತಿನಿಧಿಗಳಿಗೆ. ಸಮಿತಿ ರಚನೆಗೆ ಅರ್ಜಿ ಕರೆದಾಗ ನಿಮ್ಮ ಹತ್ತಿರ ನೋಂದಣಿ ಪತ್ರ ಇದ್ದರೆ ಅರ್ಜಿ ಹಾಕಬಹುದು.

ಹಂತ 5: ಪ್ಯಾನ್, ಖಾತೆ, ರಸೀದಿ

ಸಂಘದ ಹೆಸರಲ್ಲಿ ಪ್ಯಾನ್ ಮಾಡಿಸಿ, ಬ್ಯಾಂಕ್ ಖಾತೆ ತೆರೆಯಿರಿ. ಖಜಾಂಚಿ ಜೊತೆಗೆ ಅಧ್ಯಕ್ಷ ಅಥವಾ ಕಾರ್ಯದರ್ಶಿ, ಹೀಗೆ ಎರಡು ಸಹಿ ಇರಲಿ. ಯುಪಿಐ ಕ್ಯೂಆರ್ ಸಂಘದ ಖಾತೆಯದ್ದಾಗಿರಲಿ, ಕಾರ್ಯದರ್ಶಿಯ ಸ್ವಂತ ನಂಬರಿನದಲ್ಲ. ಗಣಪತಿ ಹಬ್ಬದ ಚಂದಾ, ರಾಜ್ಯೋತ್ಸವದ ಚಂದಾ, ಸಂಘದ ವಾರ್ಷಿಕ ಶುಲ್ಕ, ಇವಕ್ಕೆ ಬೇರೆ ಬೇರೆ ರಸೀದಿ ಪುಸ್ತಕ ಇಡಿ.

ಹಂತ 6: ಅರ್ಜಿ ಬರೆಯುವುದು, ಸರಿಯಾದ ಕಚೇರಿಗೆ ಕೊಡುವುದು

ಹದಿನೈದು ಬೇಡಿಕೆಗಳ ಒಂದು ಮನವಿ ಪತ್ರ, ಹಾರ, ಫೋಟೋ, ಮರುದಿನ ಪತ್ರಿಕೆಯಲ್ಲಿ ಸುದ್ದಿ: ಇದರಿಂದ ಚರಂಡಿ ಕಟ್ಟುವುದಿಲ್ಲ. ಕಚೇರಿಯಲ್ಲಿ ಒಂದು ವಿಷಯಕ್ಕೆ ಒಂದು ಕಡತ. ಹದಿನೈದು ವಿಷಯದ ಪತ್ರ ಯಾವ ಕಡತಕ್ಕೂ ಸೇರದೆ ಟೇಬಲ್ಲಿನ ಮೂಲೆಯಲ್ಲಿ ಉಳಿಯುತ್ತದೆ. ಆದ್ದರಿಂದ ಒಂದು ಸಮಸ್ಯೆಗೆ ಒಂದು ಅರ್ಜಿ.

ಯಾವುದು ಎಲ್ಲಿಗೆ?

- ಒಳ ರಸ್ತೆ, ಚರಂಡಿ, ಕಸ, ಬೀದಿ ದೀಪದ ಬಲ್ಬು, ಬೀದಿ ನಾಯಿ: ಪಾಲಿಕೆ. ರಸ್ತೆ, ಚರಂಡಿಗೆ ಎಂಜಿನಿಯರಿಂಗ್ ವಿಭಾಗ. ಕಸಕ್ಕೆ ಆರೋಗ್ಯ ನಿರೀಕ್ಷಕರು.
- ವಾಲಿದ ಕಂಬ, ಜೋತುಬಿದ್ದ ತಂತಿ, ಟ್ರಾನ್ಸ್‌ಫಾರ್ಮರ್: ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. (ಹಳಬರಿಗೆ ಇನ್ನೂ ಕೆಇಬಿ.) ತುರ್ತಿಗೆ 1912.
- ಒಳಚರಂಡಿ, ಅಂದರೆ ಯುಜಿಡಿಯ ಹೊಸ ಕೊಳವೆ ಮಾರ್ಗ, ನೀರಿನ ದೊಡ್ಡ ಯೋಜನೆ: ಕಾಮಗಾರಿ ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದ್ದು. ಮ್ಯಾನ್‌ಹೋಲ್ ಕಟ್ಟಿಕೊಂಡರೆ, ಹೇಮಾವತಿ ನೀರು ಸರದಿಯಂತೆ ಬರದಿದ್ದರೆ ಪಾಲಿಕೆ.
- ಮುಖ್ಯ ರಸ್ತೆ: ಲೋಕೋಪಯೋಗಿ ಇಲಾಖೆಯದೋ, ಹೆದ್ದಾರಿ ಪ್ರಾಧಿಕಾರದ್ದೋ, ಪಾಲಿಕೆಯದೋ ಎಂದು ಕೇಳಿಕೊಂಡೇ ಬರೆಯಿರಿ.
- ಉದ್ಯಾನ, ಸಿ.ಎ. ನಿವೇಶನದ ಒತ್ತುವರಿ: ಹಸ್ತಾಂತರ ಆಗಿದ್ದರೂ ಹುಡಾ, ಪಾಲಿಕೆ ಎರಡಕ್ಕೂ ಪ್ರತಿ ಕೊಡಿ.

ಅರ್ಜಿಯ ಒಕ್ಕಣೆ ಹೀಗಿರಲಿ:

‘ವಿಷಯ: 3ನೇ ಅಡ್ಡರಸ್ತೆಯ ಚರಂಡಿ ದುರಸ್ತಿ ಕುರಿತು.
ಸದರಿ ರಸ್ತೆಯ ಪಶ್ಚಿಮ ಬದಿಯಲ್ಲಿ, ಮೂಲೆಯ ವಿದ್ಯುತ್ ಕಂಬದಿಂದ ಮೋರಿಯವರೆಗೆ ಸುಮಾರು 40 ಮೀಟರ್ ಉದ್ದಕ್ಕೆ ಚರಂಡಿಯ ಗೋಡೆ ಕುಸಿದು, ಕೊಳಚೆ ನೀರು ರಸ್ತೆಗೆ ಹರಿಯುತ್ತಿದೆ. ಹೂಳು ತೆಗೆಸಿ, ಕುಸಿದ ಭಾಗ ಕಟ್ಟಿಸಿ, ಮೇಲೆ ಚಪ್ಪಡಿ ಹಾಕಿಸಲು ಕೋರುತ್ತೇವೆ. ಸಂಘದ ಸಭೆಯ ಗೊತ್ತುವಳಿ, ಸ್ಥಳದ ಕೈನಕ್ಷೆ ಹಾಗೂ 3 ಫೋಟೋ ಲಗತ್ತಿಸಿದೆ. ಕೈಗೊಂಡ ಕ್ರಮದ ಬಗ್ಗೆ ಲಿಖಿತ ಹಿಂಬರಹ ನೀಡಬೇಕಾಗಿ ವಿನಂತಿ.’

ಹಿಂಬರಹ ಎಂದರೆ ನಿಮ್ಮ ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ. ಆ ಕೊನೆಯ ವಾಕ್ಯ ಮರೆಯಬೇಡಿ. ಫೋಟೋ ತೆಗೆಯುವಾಗ ಪಕ್ಕದ ಕಂಬದ ನಂಬರೋ ಮನೆಯ ಗೇಟೋ ಕಾಣಲಿ. ಬರೀ ಕೊಳಚೆಯ ಫೋಟೋ ಯಾವ ಊರಿನದೂ ಆಗಬಹುದು.

ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ‘ಸಾಹೇಬ್ರಿಗೇ ಕೈಗೆ ಕೊಟ್ಟಿದ್ದೀವಿ’ ಎಂಬುದು ದಾಖಲೆಯಲ್ಲ. ಸಾಹೇಬರು ವರ್ಗವಾಗಿ ಹೋಗುತ್ತಾರೆ, ಸ್ವೀಕೃತಿ ಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ.

ಬೇಡಿಕೆಗಳ ಕ್ರಮದಲ್ಲೂ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಸರಿಯಾದ ಕ್ರಮ ಹೀಗೆ: ಮೊದಲು ಯುಜಿಡಿ, ಆಮೇಲೆ ನೀರಿನ ಕೊಳವೆ, ಎಲ್ಲ ಮನೆಗೂ (ಖಾಲಿ ಸೈಟಿಗೂ) ಸಂಪರ್ಕದ ತುಂಡು, ಆಮೇಲೆ ಚರಂಡಿ, ಕಡೆಗೆ ಡಾಂಬರು ಅಥವಾ ಕಾಂಕ್ರೀಟ್. ಚುನಾವಣೆ ಹತ್ತಿರ ಬಂದಾಗ ಡಾಂಬರು ಮೊದಲು ಬರುತ್ತದೆ. ಬೇಡ ಎನ್ನಲು ಮನಸ್ಸು ಬರುವುದಿಲ್ಲ, ಆದರೂ ‘ಯುಜಿಡಿ ಮುಗಿಸಿ ಆಮೇಲೆ ಹಾಕಿ’ ಎಂದು ಬರೆದು ಕೊಡಿ. ಇಲ್ಲದಿದ್ದರೆ ಮರುವರ್ಷ ಜೆಸಿಬಿ ಬಂದು ಅದೇ ರಸ್ತೆಯನ್ನು ಅಗೆಯುತ್ತದೆ. ಮಳೆ ನೀರಿನ ಚರಂಡಿಗೆ ಶೌಚದ ಪೈಪು ಸೇರಿಸಿರುವ ಮನೆಗಳು ಬಡಾವಣೆಯಲ್ಲಿದ್ದರೆ ಅದನ್ನು ಸಂಘದೊಳಗೇ ಮೊದಲು ಬಗೆಹರಿಸಿಕೊಳ್ಳಿ. ಆ ನೀರು ಕೊನೆಗೆ ಹೋಗಿ ಸೇರುವುದು ಯಾವುದೋ ಕೆರೆಗೆ.

ಹಂತ 7: ಹಣ ಎಲ್ಲಿಂದ, ಯಾವಾಗ ಕೇಳಬೇಕು

ರಸ್ತೆಯಂಥ ಕೆಲಸಕ್ಕೆ ಹಣ ಬರುವ ದಾರಿಗಳು: ಪಾಲಿಕೆಯ ಸ್ವಂತ ನಿಧಿ (ನಿಮ್ಮ ಆಸ್ತಿ ತೆರಿಗೆ), ಹಣಕಾಸು ಆಯೋಗಗಳ ಅನುದಾನ, ನಗರೋತ್ಥಾನದಂಥ ರಾಜ್ಯದ ಯೋಜನೆಗಳು, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ, ಅದೂ ಇಡೀ ಲೋಕಸಭಾ ಕ್ಷೇತ್ರಕ್ಕೆ. ಅದರಲ್ಲಿ ನಿಮ್ಮ ಅಡ್ಡರಸ್ತೆಗೆ ಪಾಲು ಸಿಗುವ ಸಾಧ್ಯತೆ ಎಷ್ಟೆಂದು ನೀವೇ ಲೆಕ್ಕ ಹಾಕಿ. ದೈನಂದಿನ ಕೆಲಸಕ್ಕೆ ಪಾಲಿಕೆಯ ಬಜೆಟ್ಟೇ ಗತಿ.

ಆರ್ಥಿಕ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಬಜೆಟ್ ಸಿದ್ಧತೆ ಅದಕ್ಕೆ ತಿಂಗಳುಗಳ ಮುಂಚೆಯೇ ಆರಂಭವಾಗಿರುತ್ತದೆ, ಸಾರ್ವಜನಿಕರ ಪೂರ್ವಭಾವಿ ಸಭೆಯನ್ನೂ ಕರೆಯುತ್ತಾರೆ. ನಿಮ್ಮ ಬೇಡಿಕೆ ನವೆಂಬರ್–ಡಿಸೆಂಬರ್ ಹೊತ್ತಿಗೆ ಎಂಜಿನಿಯರ್ ಮೇಜಿನ ಮೇಲಿರಬೇಕು. ಜೂನ್‌ನಲ್ಲಿ ಕೊಟ್ಟ ರಸ್ತೆ ಅರ್ಜಿಗೆ ಮಳೆಗಾಲ ಮುಗಿಯುವವರೆಗೆ ಹೇಗೂ ಚಲನೆ ಇರುವುದಿಲ್ಲ. ಮಲೆನಾಡಿನ ಸೆರಗಿನಲ್ಲಿದ್ದೇವೆ, ಆಷಾಢದ ಜಿಟಿಜಿಟಿಯಲ್ಲಿ ಹಾಕಿದ ಡಾಂಬರು ಬೇಡವೇ ಬೇಡ.

ಹಂತ 8: ಉತ್ತರ ಬರದಿದ್ದರೆ

ಒಂದು ತಿಂಗಳು ಕಾದು, ಹಳೆಯ ಸ್ವೀಕೃತಿ ಸಂಖ್ಯೆ ನಮೂದಿಸಿ ನೆನಪೋಲೆ ಕೊಡಿ. ಜೊತೆಗೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದಕ್ಕೂ ಆಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರ ಅರ್ಜಿ, ಅಂದರೆ ಆರ್‌ಟಿಐ.

ಆರ್‌ಟಿಐ ಅರ್ಜಿಯನ್ನು ಸಂಘದ ಲೆಟರ್‌ಹೆಡ್‌ನಲ್ಲಿ ಹಾಕಬೇಡಿ. ಕಾಯ್ದೆ ಹಕ್ಕು ಕೊಟ್ಟಿರುವುದು ‘ನಾಗರಿಕ’ರಿಗೆ, ಸಂಘ ನಾಗರಿಕನಲ್ಲ ಎಂದು ಅರ್ಜಿ ವಾಪಸ್ ಮಾಡಲು ಅವಕಾಶ ಕೊಟ್ಟಂತಾಗುತ್ತದೆ. ಒಬ್ಬ ಸದಸ್ಯರು ತಮ್ಮ ಹೆಸರಲ್ಲೇ ಹಾಕಲಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು, ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

‘ರಸ್ತೆ ಏಕೆ ಮಾಡಿಲ್ಲ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ದಾಖಲೆ ಕೇಳಿ: ‘ಸ್ವೀಕೃತಿ ಸಂಖ್ಯೆ ಇಂಥ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ’, ‘3ನೇ ಅಡ್ಡರಸ್ತೆಗೆ ಕಳೆದ ಐದು ವರ್ಷಗಳಲ್ಲಿ ಮಂಜೂರಾದ ಕಾಮಗಾರಿಗಳ ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಎಂ.ಬಿ. ಪ್ರತಿ’. ಎಂ.ಬಿ. ಎಂದರೆ ಅಳತೆ ಪುಸ್ತಕ. ಗುತ್ತಿಗೆದಾರರು ಎಷ್ಟು ಕೆಲಸ ಮಾಡಿದರೆಂದು ಎಂಜಿನಿಯರ್ ಬರೆದು ಬಿಲ್ಲಿಗೆ ಆಧಾರ ಕೊಡುವ ದಾಖಲೆ. ಎಂದೂ ಕಟ್ಟದ ಚರಂಡಿ ಅಲ್ಲಿ ಪೂರ್ತಿಯಾಗಿ ಅಳತೆಗೊಂಡಿದ್ದರೆ, ಅದರ ದೂರಿಗೆ ಲೋಕಾಯುಕ್ತ ಇದೆ.

ಹಂತ 9: ಕಾಮಗಾರಿ ಬಂದಾಗ

ಗುದ್ದಲಿ ಪೂಜೆಯ ದಿನವೇ ಕಿರಿಯ ಎಂಜಿನಿಯರ್ ಹತ್ತಿರ ಕಾರ್ಯಾದೇಶದ ಪ್ರತಿ ಕೇಳಿ. ರಸ್ತೆಯ ಉದ್ದ, ಅಗಲ, ಪದರಗಳ ದಪ್ಪ, ಮುಗಿಯಬೇಕಾದ ದಿನಾಂಕ, ದೋಷ ಹೊಣೆಗಾರಿಕೆ ಅವಧಿ ನೋಡಿ. ದೋಷ ಹೊಣೆಗಾರಿಕೆ ಅವಧಿ ಎಂದರೆ ಅಷ್ಟು ಕಾಲದೊಳಗೆ ಕಿತ್ತುಹೋದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು. ಬಹಳ ಸಂಘಗಳು ಇದನ್ನು ತಿಳಿಯದೆ, ಆ ಅವಧಿ ಮುಗಿಯುವ ಮೊದಲೇ ಬಿದ್ದ ಗುಂಡಿಗೆ ಹೊಸ ಅನುದಾನ ಕೇಳುತ್ತಾ ಕೂರುತ್ತವೆ.

ದಿನಾ ಫೋಟೋ ತೆಗೆಯಿರಿ, ಸ್ಕೇಲ್ ಇಟ್ಟು ಕಾಂಕ್ರೀಟಿನ ದಪ್ಪ ಕಾಣುವಂತೆ. ಚಪ್ಪಡಿ ಮುಚ್ಚುವ ಮೊದಲು ಚರಂಡಿಗೆ ಒಂದು ಬಕೆಟ್ ನೀರು ಸುರಿದು ಇಳಿಜಾರು ಯಾವ ಕಡೆ ಇದೆ ನೋಡಿ; ನೀರು ಹಿಂದಕ್ಕೆ ಬಂದರೆ ಅಲ್ಲೇ ನಿಲ್ಲಿಸಿ ಎಂಜಿನಿಯರ್‌ಗೆ ಹೇಳಿ. ಅನುಮಾನ ಬಂದರೆ ಕೂಲಿ ಕೆಲಸದವರ ಹತ್ತಿರ ಜಗಳ ಬೇಡ, ಅವರಿಗೆ ಅದರಲ್ಲಿ ಯಾವ ಅಧಿಕಾರವೂ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಉದ್ಯಾನದ ಜಾಗದ ಬಗ್ಗೆ ಒಂದು ಮಾತು. ಒತ್ತುವರಿ ಬಿಡಿಸಿದ ಉತ್ಸಾಹದಲ್ಲಿ ಅಲ್ಲೇ ಸಂಘದ ಕಚೇರಿಯನ್ನೋ ಗುಡಿಯನ್ನೋ ಕಟ್ಟಲು ಹೊರಡಬೇಡಿ. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆ ಇದೆ. ಸಾರ್ವಜನಿಕ ಉದ್ಯಾನ, ರಸ್ತೆಗಳಲ್ಲಿ ಹೊಸದಾಗಿ ಅನಧಿಕೃತ ಪೂಜಾ ಸ್ಥಳ ಕಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶಿಸಿದೆ. ಒತ್ತುವರಿ ಎಂದು ನೀವು ಯಾರ ಮೇಲೆ ದೂರು ಕೊಟ್ಟಿದ್ದಿರೋ ಅವರೇ ಮರುದಿನ ನಿಮ್ಮ ಮೇಲೆ ದೂರು ಕೊಡುತ್ತಾರೆ.

ಹಂತ 10: ವರ್ಷಕ್ಕೊಮ್ಮೆ

ಪ್ರತಿ ವರ್ಷ ಸರ್ವಸದಸ್ಯರ ವಾರ್ಷಿಕ ಸಭೆ ನಡೆಸಿ, ಲೆಕ್ಕಪತ್ರ ಒಪ್ಪಿಸಿ. ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನೇ ಬಾಯಿಮಾತಿನಲ್ಲಿ ‘ರಿನೀವಲ್’ ಎನ್ನುವುದು. ಸಲ್ಲಿಸದೆ ನಾಲ್ಕೈದು ವರ್ಷ ಬಿಟ್ಟರೆ ದಂಡ ಕಟ್ಟಿ, ಹಳೆಯ ಲೆಕ್ಕವೆಲ್ಲ ಹುಡುಕಿ ಕೊಡಬೇಕಾಗುತ್ತದೆ. ಸದಸ್ಯರು ದೂರು ಕೊಟ್ಟರೆ ಇಲಾಖೆ ವಿಚಾರಣೆಯನ್ನೂ ನಡೆಸಬಹುದು.

ಪದಾಧಿಕಾರಿಗಳು ಬದಲಾದ ದಿನವೇ ಹಳಬರು ಹೊಸಬರಿಗೆ ಇವನ್ನು ಪಟ್ಟಿ ಮಾಡಿ, ಸಹಿ ಹಾಕಿಸಿ ಒಪ್ಪಿಸಲಿ: ನೋಂದಣಿ ಪತ್ರದ ಮೂಲ, ಬೈಲಾ, ನಡಾವಳಿ ಪುಸ್ತಕ, ರಸೀದಿ ಪುಸ್ತಕಗಳು, ಪಾಸ್‌ಬುಕ್, ಬಡಾವಣೆ ನಕ್ಷೆ, ಸ್ವೀಕೃತಿ ಇರುವ ಅರ್ಜಿಗಳ ಕಡತ, ಸಂಘದ ಇಮೇಲ್‌ನ ಪಾಸ್‌ವರ್ಡ್, ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಹಕ್ಕು. ಬ್ಯಾಂಕಿನಲ್ಲಿ ಸಹಿ ಬದಲಾವಣೆಗೆ ಹೊಸ ಗೊತ್ತುವಳಿಯ ಪ್ರತಿ ಬೇಕು, ಅದನ್ನು ಅದೇ ಸಭೆಯಲ್ಲಿ ಬರೆದುಬಿಡಿ.